ಮದುವೆ ಹಾರ, ರೆಸಿನ್ ಮತ್ತು ಬೆಳಗಾವಿ ಮಳೆ

ರೆಸಿನ್ ಅಂದರೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ. ಅದರೊಳಗೆ ಕೂಡಿಸಿ ಕೊಡಲು ಮೇ ತಿಂಗಳಲ್ಲಿ ಒಪ್ಪಿಕೊಂಡಿದ್ದ ಮದುವೆ ಹಾರಗಳಲ್ಲಿ ಕೊನೆಯದನ್ನು ಹೋದ ವಾರ ಕೊಟ್ಟು ಬಂದೆ. ಇದಕ್ಕೆ ತಗೊಂಡ ಮುದ್ರಾ ಸಾಲದ (ಸಣ್ಣ ಉದ್ಯಮಗಳಿಗೆ ಬ್ಯಾಂಕ್ ಕೊಡುವ ಸರ್ಕಾರಿ ಯೋಜನೆಯ ಸಾಲ) ಮೊದಲ ಕಂತೂ ಕಟ್ಟಿ ಆಯಿತು. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅನಿಸಿತು. ರೆಸಿನ್ ಕೆಲಸ ಶುರು ಮಾಡಬೇಕು ಅಂತ ಕೇಳಿಕೊಂಡು ಬರುವ ಹೆಣ್ಣುಮಕ್ಕಳು ನಮ್ಮ ಗಲ್ಲಿಯಲ್ಲೇ ಈಗ ಬಹಳ ಇದ್ದಾರೆ. ಅವರು ನೋಡಿರುವ ವಿಡಿಯೋಗಳಲ್ಲಿ ಎರಡು ಬಾಟಲಿ ಕಲಸುತ್ತಾರೆ, ಮೋಲ್ಡಿಗೆ (ಅಚ್ಚಿಗೆ) ಸುರಿಯುತ್ತಾರೆ, ಮರುದಿನ ಹೊಳೆಯುವ ವಸ್ತು ಕೈಗೆ ಬರುತ್ತದೆ. ಬೆಳಗಾವಿಯಲ್ಲಿ ಜುಲೈ ಅಂದರೆ ಒಗೆದ ಬಟ್ಟೆ ಮನೆಯೊಳಗಿನ ಹಗ್ಗದ ಮೇಲೇ ಮುಗ್ಗಲು ವಾಸನೆ ಹೊಡೆಯುವ ಕಾಲ. ಆ ಹವೆಯಲ್ಲಿ ರೆಸಿನ್ ಏನಾಗುತ್ತದೆ, ಬ್ಯಾಂಕಿಗೆ ಹೋದರೆ ಏನು ಕೇಳುತ್ತಾರೆ, ಕೊಲ್ಹಾಪುರದ ಆರ್ಡರ್ ಬಂದರೆ ಏನು ಮಾಡಬೇಕು, ಇದನ್ನೆಲ್ಲ ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ಮನೆ ವಡಗಾವಿಯಲ್ಲಿ. ಯಜಮಾನರು ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಮೊದಲು ಕೀಚೈನ್, ನಾಮಫಲಕ, ಆರತಿ ತಟ್ಟೆ, ಗೋಡೆ ಗಡಿಯಾರ ಮಾಡುತ್ತಿದ್ದೆ. ಗಣಪತ ಗಲ್ಲಿಯ ಒಂದು ಗಿಫ್ಟ್ ಅಂಗಡಿಯವರು ಇಟ್ಟುಕೊಳ್ಳುತ್ತಿದ್ದರು. ಖರ್ಚು ಕಳೆದು ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೇ. ಈ ವರ್ಷ ಜನ ಕೇಳಿಕೊಂಡು ಬಂದದ್ದು ಮದುವೆ ಹಾರಕ್ಕೆ. ಅಕ್ಷತೆಯ ಹೊತ್ತಿನ ಹಾರವನ್ನು ಒಣಗಿಸಿ, ಪಾರದರ್ಶಕ ರೆಸಿನ್ ಒಳಗೆ ಕೂಡಿಸಿ, ಜೋಡಿಯ ಹೆಸರು ಮತ್ತು ತಾರೀಕು ಬರೆದು ಕೊಡುವುದು. ದುಡ್ಡು ಇರುವುದು ಇದರಲ್ಲೇ. ಕಷ್ಟ ಇರುವುದೂ ಇದರಲ್ಲೇ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಕಡೆ ಮದುವೆಗಳು ಏಪ್ರಿಲ್, ಮೇ ತಿಂಗಳಲ್ಲಿ ಜಾಸ್ತಿ. ಹಾರ ಕೈಗೆ ಬರುವುದು ಆಗ. ಹೂವು ಒಣಗಿಸಿ ಎತ್ತಿಡುವ ಹೊತ್ತಿಗೆ ಮಿರಗ (ಮೃಗಶಿರ ಮಳೆ) ಕೂಡುತ್ತದೆ. ಅಂದರೆ ಬಿಸಿಲಲ್ಲಿ ಬಂದ ಹಾರಕ್ಕೆ ರೆಸಿನ್ ಸುರಿಯುವುದು ಮಳೆಯಲ್ಲಿ. ವಿಜಯಪುರದವರಿಗೆ ಈ ತೊಂದರೆ ಇಷ್ಟಿಲ್ಲ. ಘಟ್ಟದ ಗಾಳಿ ತಾಗುವ ಬೆಳಗಾವಿ, ಖಾನಾಪುರದವರಿಗೆ ತಪ್ಪಿದ್ದಲ್ಲ.

ಹೊಸಬರಿಗೆ ಮೊದಲು ಒಂದು ಮಾತು. ರೆಸಿನ್ ಬಣ್ಣದ ಹಾಗೆ ಒಣಗುವ ವಸ್ತು ಅಲ್ಲ. ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಎರಡನೇ ದ್ರವ, ಅಂದರೆ ಹಾರ್ಡ್‌ನರ್, ಸೇರಿದಾಗ ಒಳಗೆ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಆ ಕ್ರಿಯೆಗೆ ಬೇಕಾದದ್ದು ಸರಿಯಾದ ಅಳತೆ ಮತ್ತು ಹದವಾದ ಬೆಚ್ಚಗಿನ ಹವೆ. ಬಿಸಿಲಿಗೆ ಇಟ್ಟರೆ ಬೇಗ ಆಗುತ್ತದೆ ಅಂತ ಹೊರಗೆ ಇಡಬೇಡಿ. ಧೂಳು ಕೂರುತ್ತದೆ, ಗುಳ್ಳೆ ಏಳುತ್ತದೆ, ಬಿಸಿಲಿಗೆ ಹಳದಿಯೂ ಆಗುತ್ತದೆ. ಅಳತೆ ಬಾಟಲಿಯ ಮೇಲೆ ಬರೆದಿರುತ್ತದೆ. ನಾನು ಬಳಸಿದ್ದು ತೂಕದಲ್ಲಿ 2:1, ಅಂದರೆ ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡ್‌ನರ್. ಕೆಲವು ಕಂಪನಿಗಳದ್ದು 3:1 ಇರುತ್ತದೆ, ಕೆಲವದ್ದು ತೂಕದ ಬದಲು ಗಾತ್ರದಲ್ಲಿ (ಎಂಎಲ್ ಲೆಕ್ಕದಲ್ಲಿ) 1:1. ತೂಕದ ಅಳತೆ ಬೇರೆ, ಗಾತ್ರದ ಅಳತೆ ಬೇರೆ. ಒಂದು ಡಿಜಿಟಲ್ ಕಾಟಾ ತಗೊಳ್ಳಿ, ಕಣ್ಣಳತೆ ಬೇಡ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಆಗುವುದಿಲ್ಲ, ಮೆತ್ತಗೆ ಉಳಿಯುತ್ತದೆ.

ಹೂವಿನ ಕೆಲಸ ಮೇನಲ್ಲೇ ಶುರುವಾಯಿತು. ಹಸಿ ಹೂವನ್ನು ನೇರವಾಗಿ ರೆಸಿನ್‌ಗೆ ಹಾಕಿದರೆ ಒಳಗಿನ ನೀರಿನಿಂದ ಕಂದು ಬಣ್ಣಕ್ಕೆ ತಿರುಗಿ ಕೊಳೆಯುತ್ತದೆ, ಸುತ್ತ ಮಬ್ಬು ಕಟ್ಟುತ್ತದೆ. ಹಾಗಾಗಿ ಹಾರ ಬಿಚ್ಚಿ, ಹೂವು ಬೇರೆ ಬೇರೆ ಮಾಡಿ, ಸಿಲಿಕಾ ಜೆಲ್‌ನಲ್ಲಿ ಹೂಳಬೇಕು. ಬೂಟಿನ ಡಬ್ಬಿಯಲ್ಲಿ ಪುಟ್ಟ ಪೊಟ್ಟಣದಲ್ಲಿ ಇರುತ್ತದಲ್ಲ, ಅದೇ ವಸ್ತು. ಆದರೆ ಕಾಳಿನ ಹಾಗೆ ದಪ್ಪ ಇರುವುದು ಬೇಡ, ದಳದ ಮೇಲೆ ಕುಳಿ ಬೀಳುತ್ತದೆ. ಮರಳಿನ ಹಾಗೆ ಸಣ್ಣಗೆ ಇರುವುದು ಸಿಗುತ್ತದೆ, ಅದನ್ನು ತರಿಸಿ. ಗಾಳಿಯಾಡದ ಡಬ್ಬಿಯಲ್ಲಿ ಕೆಳಗೊಂದು ಪದರ, ಮೇಲೆ ಹೂವು, ದಳಗಳ ನಡುವೆ ಚಮಚದಿಂದ ನಿಧಾನವಾಗಿ ಸುರಿಯುತ್ತಾ ಪೂರ್ತಿ ಮುಚ್ಚಬೇಕು. ಸೇವಂತಿಗೆಗೆ ಒಂದು ವಾರ ಸಾಕಾಯಿತು. ದಪ್ಪ ಗುಲಾಬಿಗೆ ಇನ್ನೂ ಜಾಸ್ತಿ ಬೇಕು. ಹೊರಗಿನ ದಳ ಗರಿಗರಿ ಆದರೂ ಒಳಗಿನ ತೊಟ್ಟು ಹಸಿ ಇರುತ್ತದೆ. ತೊಟ್ಟಿನ ಬುಡವನ್ನು ಉಗುರಿನಿಂದ ಒತ್ತಿ ನೋಡಿ, ಕಟ್ ಅಂತ ಮುರಿದರೆ ಆಗಿದೆ ಅಂತ ಅರ್ಥ. ಬಾಗಿದರೆ ಮತ್ತೆ ಹೂಳಿ.

ನೀಲಿ ಬಣ್ಣದ ಜೆಲ್ ತೇವ ಹೀರಿದ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹಗುರ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ, ಮತ್ತೆ ಬಳಸಬಹುದು. ಆದರೆ ಆ ನೀಲಿ ಕೋಬಾಲ್ಟ್‌ನದು, ವಿಷ. ಅಡುಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ, ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕಿತ್ತಳೆ ಬಣ್ಣದ್ದು ತರಿಸುವುದೇ ಒಳ್ಳೆಯದು.

ಬಣ್ಣದ ಬಗ್ಗೆ ಗಿರಾಕಿಗೆ ಮುಂಚೆಯೇ ಹೇಳಿ. ಕೆಂಪು ಗುಲಾಬಿ ಒಣಗಿದಾಗ ಕಪ್ಪಿಗೆ ಹತ್ತಿರ ಹೋಗುತ್ತದೆ. ಮಲ್ಲಿಗೆ, ಸುಗಂಧರಾಜ ಬಿಳಿಯಾಗಿ ಉಳಿಯುವುದಿಲ್ಲ, ಕೆನೆ ಬಣ್ಣಕ್ಕೋ ಕಂದಿಗೋ ತಿರುಗುತ್ತವೆ. ಚೆಂಡು ಹೂವು, ಹಳದಿ ಸೇವಂತಿಗೆ ಚೆನ್ನಾಗಿ ನಿಲ್ಲುತ್ತವೆ. ನಾನು ಒಣಗಿದ ಹೂವಿನ ಫೋಟೋ ಕಳಿಸಿ, ಅವರು ಒಪ್ಪಿದ ಮೇಲೆಯೇ ರೆಸಿನ್‌ಗೆ ಕೈ ಹಾಕುತ್ತಿದ್ದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಮೊದಲ ಬ್ಲಾಕ್ (ಹೂವು ಕೂಡಿಸಿದ ರೆಸಿನ್ ಗಟ್ಟಿ) ಸುರಿದ ಮರುದಿನ ಮೇಲ್ಮೈ ಮುಟ್ಟಿ ನೋಡಿದೆ. ಬೆರಳಿಗೆ ಮೇಣ ಸವರಿದ ಹಾಗೆ ಜಿಡ್ಡು. ಒಳಗೆ ಗಟ್ಟಿಯಾಗಿತ್ತು, ಮೇಲೆ ಮಾತ್ರ ಮಂಕು. ಗಾಳಿಯ ತೇವ ಹಾರ್ಡ್‌ನರ್ ಜೊತೆ ಸೇರಿ ಹೀಗೆ ಪದರ ಕಟ್ಟುತ್ತದೆ ಅಂತ ಆಮೇಲೆ ಗೊತ್ತಾಯಿತು. ಇದಕ್ಕೆ ಹೆದರಬೇಡಿ. ಆ ಪದರ ನೀರಲ್ಲಿ ಕರಗುತ್ತದೆ. ಉಗುರು ಬೆಚ್ಚಗಿನ ನೀರು, ಪಾತ್ರೆ ತಿಕ್ಕುವ ಮೆತ್ತನೆಯ ಸ್ಕ್ರಬ್ ತಗೊಂಡು ತೊಳೆದು, ಒರೆಸಿ, ಪೂರ್ತಿ ಆರಿದ ಮೇಲೆ ಮುಂದಿನ ಪದರ ಹಾಕಬಹುದು. ತೊಳೆಯದೆ ಹಾಕಿದರೆ ಎರಡು ಪದರ ಕಚ್ಚಿಕೊಳ್ಳುವುದಿಲ್ಲ. ಆದರೆ ಪ್ರತಿ ಪದರಕ್ಕೂ ಹೀಗೆ ತೊಳೆಯುತ್ತಾ ಕೂತರೆ ಹಾರಗಳು ದೀಪಾವಳಿಗೂ ಮುಗಿಯುವುದಿಲ್ಲ. ಕೋಣೆಯ ತೇವ ಅಳೆಯುವ ಪುಟ್ಟ ಮೀಟರ್ ತರಿಸಿದೆ. ಶೇ. 80 ದಾಟಿ ತೋರಿಸುತ್ತಿತ್ತು. ತೇವ ಎಳೆಯುವ ಯಂತ್ರ, ಅಂದರೆ ಡಿಹ್ಯುಮಿಡಿಫೈಯರ್, ಬೇಕೇ ಬೇಕು ಅಂತ ಆಗ ಖಾತ್ರಿಯಾಯಿತು. ಮನೆಗೆ ಸಾಕಾಗುವ ಯಂತ್ರಕ್ಕೇ ಹದಿನೈದು ಸಾವಿರದ ಸುತ್ತ ಬೆಲೆ. ಅದರ ಜೊತೆ ಎಕ್ಸಾಸ್ಟ್ ಫ್ಯಾನ್, ಮಟ್ಟಸವಾದ ಮೇಜು, ದೊಡ್ಡ ಮೋಲ್ಡ್‌ಗಳು, ಹತ್ತಿಪ್ಪತ್ತು ಕೆಜಿ ರೆಸಿನ್. ಗಿರಾಕಿಗಳು ಕೊಟ್ಟ ಅಡ್ವಾನ್ಸ್‌ನಲ್ಲಿ ಇದೆಲ್ಲ ಆಗುವ ಮಾತಾಗಿರಲಿಲ್ಲ. ಬ್ಯಾಂಕಿನ ದಾರಿ ಹಿಡಿದದ್ದು ಹೀಗೆ.

ಕಾಗದಪತ್ರದ ಭಾಗ ಓದಲು ಬೇಸರ ಅನಿಸಬಹುದು. ಆದರೂ ಬಿಡದೆ ಓದಿ, ನನಗೆ ಹೆಚ್ಚು ಕಾಲ ಹಿಡಿದದ್ದು ಇದೇ.

ಮೊದಲು ಬೇಕಾದದ್ದು ಉದ್ಯಮ್ ನೋಂದಣಿ. ಸಣ್ಣ ಉದ್ಯಮಗಳಿಗೆ 2020ರ ಜುಲೈ 1ರಿಂದ ಇರುವ ವ್ಯವಸ್ಥೆ ಇದು. ಸರ್ಕಾರದ ವೆಬ್‌ಸೈಟ್‌ನಲ್ಲಿ ನಾವೇ ಮಾಡಿಕೊಳ್ಳಬಹುದು. ಶುಲ್ಕ ಒಂದು ಪೈಸೆ ಇಲ್ಲ, ನವೀಕರಣವೂ ಇಲ್ಲ. ಹುಡುಕಿದಾಗ ಅದೇ ಹೆಸರಿನ ಹಾಗೆ ಕಾಣುವ ಖಾಸಗಿ ವೆಬ್‌ಸೈಟ್‌ಗಳು ಮೊದಲು ಬರುತ್ತವೆ, ಅವು ಸಾವಿರಗಟ್ಟಲೆ ಕೇಳುತ್ತವೆ. ವಿಳಾಸದ ಕೊನೆಗೆ ಸರ್ಕಾರದ ಗುರುತು ಇದೆಯೋ ಇಲ್ಲವೋ ನೋಡಿಕೊಳ್ಳಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿ ಇರಬೇಕು, ಒಟಿಪಿ ಅದಕ್ಕೇ ಬರುವುದು. ನಿಮ್ಮದು ತಯಾರಿಕೆಯೋ, ಸೇವೆಯೋ, ವ್ಯಾಪಾರವೋ ಅಂತ ಕೇಳುತ್ತದೆ. ನಾವು ಮಾಡುವುದು ತಯಾರಿಕೆ. ನಮ್ಮ ರೆಸಿನ್ ಎಪಾಕ್ಸಿ, ಅದು ಒಂದು ಬಗೆಯ ಪ್ಲಾಸ್ಟಿಕ್, ಹಾಗಾಗಿ ನಾನು ಪ್ಲಾಸ್ಟಿಕ್ ವಸ್ತುಗಳ ತಯಾರಿಕೆ ಅನ್ನುವ ವಿಭಾಗದಲ್ಲಿ ಕೆಲಸದ ಕೋಡ್ ನಂಬರ್ ಆರಿಸಿದೆ.

ನನ್ನ ಅರ್ಜಿ ಅಲ್ಲೇ ನಿಂತಿತು. ಪ್ಯಾನ್ ಕಾರ್ಡಿನಲ್ಲಿ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು. ಎರಡೂ ತಾಳೆಯಾಗದೆ ಒಂದಕ್ಕೊಂದು ಜೋಡಣೆ ಆಗಿರಲಿಲ್ಲ. ನಮ್ಮ ಭಾಗದಲ್ಲಿ ಮದುವೆಯಾದ ಮೇಲೆ ಅಡ್ಡಹೆಸರು ಬದಲಿಸುವುದು ಸಾಮಾನ್ಯ, ಅಲ್ವಾ. ಹಾಗಾಗಿ ಇದು ನಿಮ್ಮಲ್ಲಿ ಬಹಳ ಜನರಿಗೆ ಬರುವ ತೊಡಕು. ಪ್ಯಾನ್ ಹೆಸರು ತಿದ್ದಲು ಅರ್ಜಿ ಹಾಕಿದೆ, 107 ರೂಪಾಯಿ. ಮದುವೆ ನೋಂದಣಿ ಪತ್ರ ಲಗತ್ತಿಸಿದೆ. ಜೋಡಣೆ ತಡವಾದದ್ದಕ್ಕೆ ಸಾವಿರ ರೂಪಾಯಿ ಬೇರೆ. ಹೊಸ ಕಾರ್ಡ್ ಬರುವವರೆಗೆ ಕಾಯುವುದು ಬಿಟ್ಟು ಏನೂ ಮಾಡುವ ಹಾಗಿರಲಿಲ್ಲ. ಹೊರಗೆ ಮಳೆ, ಒಳಗೆ ಡಬ್ಬಿ ಡಬ್ಬಿ ಒಣಗಿದ ಹೂವು. ಬೇರೆಯವರ ಮದುವೆ ಹೂವು ಮನೆಯಲ್ಲಿ ಇಟ್ಟುಕೊಂಡು ಕಾಯುವಾಗ ನಿದ್ದೆ ಸರಿಯಾಗಿ ಹತ್ತುವುದಿಲ್ಲ. ರಾತ್ರಿ ಎದ್ದು ಡಬ್ಬಿಗಳ ಮುಚ್ಚಳ ಬಿಗಿಯಾಗಿದೆಯೋ ಇಲ್ಲವೋ ನೋಡುತ್ತಿದ್ದೆ. ಈ ಕೆಲಸಕ್ಕೆ ಬರುವವರು ಮೊದಲ ದಿನವೇ ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಮುಂದಿಟ್ಟುಕೊಂಡು ಹೆಸರಿನ ಒಂದೊಂದು ಅಕ್ಷರ ತಾಳೆ ನೋಡಿ.

ಪ್ಯಾನ್ ಬಂದ ಮೇಲೆ ಉದ್ಯಮ್ ಪತ್ರ ಬೇಗ ಸಿಕ್ಕಿತು. ಸಾಲಕ್ಕೆ ಎರಡು ದಾರಿ ಕಂಡವು. ಒಂದು ಪಿಎಂಇಜಿಪಿ, ಅಂದರೆ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. ಅದರಲ್ಲಿ ಮಹಿಳೆಯರಿಗೆ ನಗರದಲ್ಲಿ ಶೇ. 25, ಹಳ್ಳಿಯಲ್ಲಿ ಶೇ. 35 ಸಬ್ಸಿಡಿ. ಆದರೆ ಅದು ಹೊಸದಾಗಿ ಶುರುವಾಗುವ ಘಟಕಕ್ಕೆ. ಸಬ್ಸಿಡಿ ಹಣ ಮೂರು ವರ್ಷ ಠೇವಣಿಯಲ್ಲಿ ಇರುತ್ತದೆ, ಕೈಗೆ ಬರುವುದಿಲ್ಲ. ಇನ್ನೂ ಏನೂ ಶುರು ಮಾಡದೆ ಇರುವವರು, ಅದರಲ್ಲೂ ಹಳ್ಳಿಯವರು, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇದನ್ನು ಮೊದಲು ವಿಚಾರಿಸಿ. ನನ್ನದು ಆಗಲೇ ನಡೆಯುತ್ತಿದ್ದ ಕೆಲಸ. ಹಾಗಾಗಿ ಮುದ್ರಾ. ಅದರಲ್ಲಿ 50 ಸಾವಿರದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ನಾನು ಕೇಳಿದ್ದು ಕಿಶೋರದಲ್ಲಿ, ಒಂದೂವರೆ ಲಕ್ಷ.

ಮೊದಲು ಹೋದ ಶಾಖೆಯಲ್ಲಿ ಮನೆಯ ಉತಾರ (ಆಸ್ತಿ ದಾಖಲೆ) ತನ್ನಿ ಅಂದರು. ಮುದ್ರಾ ಸಾಲಕ್ಕೆ ಆಸ್ತಿ ಅಡ ಇಡಬೇಕಾಗಿಲ್ಲ ಅಂತ ನಾನು ಓದಿಕೊಂಡು ಹೋಗಿದ್ದೆ, ಹೇಳಿದೆ. "ಹಂಗಾರ ನೋಡೋಣ, ಮುಂದಿನ ತಿಂಗಳ ಬರ್ರಿ" ಅಂದರು. ಮನಸ್ಸಿಗೆ ಬಹಳ ಬೇಜಾರಾಯಿತು. ಕೈಯಲ್ಲಿ ಇಷ್ಟು ಕೆಲಸ ಇದೆ, ಅಡ್ವಾನ್ಸ್ ಕೊಟ್ಟವರ ಪಟ್ಟಿ ಇದೆ, ಆದರೂ ಕಾಗದ ತೆಗೆದು ನೋಡುವವರಿಲ್ಲ. ನಮ್ಮ ಉಳಿತಾಯ ಖಾತೆ ಇದ್ದ ಇನ್ನೊಂದು ಬ್ಯಾಂಕಿಗೆ ಹೋದೆವು. ಅಲ್ಲಿ ಫೀಲ್ಡ್ ಆಫೀಸರ್ ಕೂರಿಸಿಕೊಂಡು ಕೇಳಿದರು. ನನ್ನ ಅನುಭವದಲ್ಲಿ ಹೊಸ ಶಾಖೆಗಿಂತ, ವ್ಯವಹಾರ ನಡೆದಿರುವ ಖಾತೆ ಎಲ್ಲಿದೆಯೋ ಅಲ್ಲೇ ಮೊದಲು ಹೋಗುವುದು ಒಳ್ಳೆಯದು.

ಅಲ್ಲಿ ಕೇಳಿದ ಕಾಗದಗಳು: ಆಧಾರ್, ಪ್ಯಾನ್, ಉದ್ಯಮ್ ಪತ್ರ, ಆರು ತಿಂಗಳ ಖಾತೆ ವಿವರ, ಫೋಟೋ, ಖರೀದಿಸುವ ಸಾಮಾನುಗಳ ಕೊಟೇಶನ್. ಕೊಟೇಶನ್ ಕೊಡುವ ಅಂಗಡಿಗೆ ಜಿಎಸ್‌ಟಿ ನಂಬರ್ ಇರಬೇಕು, ಸಾಲದ ದುಡ್ಡು ಅವರ ಖಾತೆಗೇ ನೇರವಾಗಿ ಹೋಗುತ್ತದೆ. ಮನೆ ಮಾವನವರ ಹೆಸರಲ್ಲಿ ಇರುವುದರಿಂದ ಹೆಸ್ಕಾಂ ಕರೆಂಟ್ ಬಿಲ್ಲೂ ಅವರದೇ. ಅದಕ್ಕೆ ಹಿಂದಿನ ಖೋಲಿ (ಕೋಣೆ) ಕೆಲಸಕ್ಕೆ ಬಳಸಲು ಅವರಿಂದ ಒಂದು ಒಪ್ಪಿಗೆ ಪತ್ರ ಬೇಕಾಯಿತು. ಮಾವನವರು ಪೂರ್ತಿ ಓದಿದರು. "ಹಿಂದಿನ ಖೋಲಿ ಅಷ್ಟ ಯಾಕ, ಪೂರಾ ಮನಿ ಅಂತ ಬರೀಬೇಕಿತ್ತು" ಅಂದು ಸಹಿ ಹಾಕಿದರು. ಅವತ್ತು ನನಗೆ ಅರ್ಧ ಸಾಲ ಸಿಕ್ಕ ಹಾಗಾಯಿತು.

ಆಮೇಲೆ ಫೀಲ್ಡ್ ಆಫೀಸರ್ ಮನೆ ನೋಡಲು ಬಂದರು. ಮುಗಿದಿದ್ದ ಒಂದು ಬ್ಲಾಕ್ ಎತ್ತಿ ಬೆಳಕಿಗೆ ಹಿಡಿದರು.

"ಇದು ಗಾಜ ಏನ್ರೀ ಮೇಡಂ?"

"ಅಲ್ರೀ ಸರ್, ರೆಸಿನ್. ಒಳಗಿರೋದು ನಿಜವಾದ ಹೂವು."

"ಇದನ್ನ ಜನಾ ತಗೋತಾರೇನ್ರಿ?"

ಆರ್ಡರ್ ಬರೆದಿಟ್ಟ ನೋಟ್‌ಬುಕ್ ತೋರಿಸಿದೆ. ಯಾರು, ಯಾವ ಊರು, ಎಷ್ಟು ಅಡ್ವಾನ್ಸ್, ಯುಪಿಐನಲ್ಲಿ ಬಂದ ತಾರೀಕು. ಅವರು ಅದನ್ನು ಬ್ಯಾಂಕ್ ಖಾತೆ ವಿವರದ ಜೊತೆ ತಾಳೆ ನೋಡಿದರು. ನನ್ನ ಪ್ರಕಾರ ಸಾಲ ಸಿಕ್ಕಿದ್ದು ಆ ನೋಟ್‌ಬುಕ್‌ನಿಂದ. ನಗದು ತಗೊಂಡಿದ್ದರೆ ತೋರಿಸಲು ಏನೂ ಇರುತ್ತಿರಲಿಲ್ಲ. ನೀವು ಇವತ್ತು ಐವತ್ತು ರೂಪಾಯಿಯ ಕೀಚೈನ್ ಮಾರಿದರೂ ಖಾತೆಗೇ ಹಾಕಿಸಿಕೊಳ್ಳಿ.

ಸಾಲ ಮಂಜೂರಾಗುವ ಹೊತ್ತಿಗೆ ಜುಲೈ ಅರ್ಧ ಕಳೆದಿತ್ತು. ಯಂತ್ರ ಬೇಗ ಬಂತು. ರೆಸಿನ್ ಬರಲಿಲ್ಲ. ಹಾರ್ಡ್‌ನರ್ ಚರ್ಮ ಸುಡುವ ಬಗೆಯ ದ್ರವ, ವಿಮಾನದಲ್ಲಿ ಸುಲಭವಾಗಿ ಹಾಕುವುದಿಲ್ಲ. ರಸ್ತೆಯಲ್ಲೇ ಬರಬೇಕು. ಮಳೆಗಾಲದಲ್ಲಿ ಆ ದಾರಿ ಇನ್ನೂ ನಿಧಾನ. ಬಂದಾಗ ಒಂದು ಹಾರ್ಡ್‌ನರ್ ಕ್ಯಾನ್ ಸೋರಿ ರಟ್ಟು ನೆನೆದಿತ್ತು. ಡಬ್ಬ ಬಿಚ್ಚುವಾಗ ವಿಡಿಯೋ ಮಾಡಿದ್ದರಿಂದ ಮಾರಿದವರು ಬೇರೆ ಕಳಿಸಿದರು, ಆದರೆ ಅದಕ್ಕೂ ಮತ್ತೆ ಅಷ್ಟೇ ಕಾಯಬೇಕಾಯಿತು. ಬಾಟಲಿ ಬಂದ ಕೂಡಲೇ ಬಣ್ಣ ನೋಡಿ. ಹಾರ್ಡ್‌ನರ್ ಹಳೆಯದಾದಷ್ಟೂ ಹಳದಿಗೆ ತಿರುಗುತ್ತದೆ, ಬಿಳಿ ಹೂವಿನ ಬ್ಲಾಕ್‌ಗೆ ಅದು ಆಗುವುದಿಲ್ಲ.

ಎಷ್ಟು ರೆಸಿನ್ ಬೇಕು ಅನ್ನುವ ಲೆಕ್ಕ ಸುಲಭ. ಮೋಲ್ಡಿನ ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ, ಬಂದದ್ದನ್ನು 1.1ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. 20 ಸೆಂ.ಮೀ. ಚೌಕ, 4 ಸೆಂ.ಮೀ. ದಪ್ಪ ಅಂದರೆ 1,760 ಗ್ರಾಂ. ಹೂವು ಹಿಡಿಯುವ ಜಾಗ ಇದರಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ. 30 ಸೆಂ.ಮೀ. ಚೌಕ, 5 ಸೆಂ.ಮೀ. ದಪ್ಪಕ್ಕೆ ಹೋದರೆ ಸುಮಾರು ಐದು ಕೆಜಿ. ಒಳ್ಳೆಯ ಕಾಸ್ಟಿಂಗ್ ರೆಸಿನ್ ನನಗೆ ಕೆಜಿಗೆ ಸಾವಿರದ ಆಸುಪಾಸು ಬಿತ್ತು. ಅಂದರೆ ದೊಡ್ಡ ಬ್ಲಾಕ್‌ನಲ್ಲಿ ರೆಸಿನ್ನೇ ಐದು ಸಾವಿರ. ಇದು ಗೊತ್ತಿಲ್ಲದೆ ಫೋನ್‌ನಲ್ಲೇ "ಮೂರು ಸಾವಿರ ಆಗ್ತದ" ಅಂತ ಒಪ್ಪಿಕೊಂಡು ನಷ್ಟ ಮಾಡಿಕೊಂಡವರನ್ನು ನೋಡಿದ್ದೇನೆ. ಇನ್ನೊಂದು: ತೆಳು ಕೋಟಿಂಗ್‌ಗೆ ಇರುವ ರೆಸಿನ್ ಬೇರೆ, ದಪ್ಪ ಸುರಿಯಲು ಇರುವ ಕಾಸ್ಟಿಂಗ್ ರೆಸಿನ್ ಬೇರೆ. ಕೋಟಿಂಗ್ ರೆಸಿನ್ ದಪ್ಪಗೆ ಸುರಿದರೆ ಒಳಗಿನ ಬಿಸಿಗೆ ಹೊಗೆ ಎದ್ದು ಬಿರುಕು ಬಿಡುತ್ತದೆ. ಕಲಸಿದ ರೆಸಿನ್ ಕಪ್ಪಿನಲ್ಲಿ ಉಳಿದರೆ ಹಾಗೇ ಬಿಡಬೇಡಿ, ಅಗಲ ತಟ್ಟೆಗೆ ಹರಡಿ. ಮೋರಿಗೆ ಸುರಿಯಬೇಡಿ, ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ.

ಎಲ್ಲಕ್ಕಿಂತ ಕಠಿಣವಾದದ್ದು ಬೈಲಹೊಂಗಲದ ಹಾರ. ಹುಡುಗಿಯ ಅಜ್ಜಿ ತಮ್ಮ ಹೊಲದ ಸೇವಂತಿಗೆ, ಚೆಂಡು ಹೂವು ಕೊಯ್ದು, ಬಾಳೆ ನಾರಿನಲ್ಲಿ ತಾವೇ ಕಟ್ಟಿದ್ದರು. "ಹೂವು ಬಿಚ್ಚಬ್ಯಾಡ್ರಿ ಅಕ್ಕಾ. ಆಯಿ ಹಾಕಿದ ಗಂಟು ಹಂಗ ಕಾಣಬೇಕು" ಅಂದಳು ಹುಡುಗಿ. ಬೇರೆ ಹಾರಗಳಲ್ಲಿ ನಾನು ದಾರ ತೆಗೆದುಬಿಡುತ್ತೇನೆ. ಹೂವಿಗಿಂತ ದಾರವೇ ತೇವ ಹಿಡಿಯುವುದು. ನಾರು ಇನ್ನೂ ಜಾಸ್ತಿ. ಅದರ ಎಳೆಗಳ ನಡುವೆ ಗಾಳಿ ತುಂಬಿರುತ್ತದೆ, ರೆಸಿನ್ ಸುರಿದ ಮೇಲೆ ಆ ಗಾಳಿ ಗಂಟೆಗಟ್ಟಲೆ ಗುಳ್ಳೆಯಾಗಿ ಏಳುತ್ತದೆ. ಹಾಗಂತ ಆ ಹುಡುಗಿಗೆ ಇಲ್ಲ ಅನ್ನಲು ಮನಸ್ಸು ಬರಲಿಲ್ಲ.

ಹಾರದ ನಡುವಿನ ಒಂದು ಗೇಣು ಭಾಗವನ್ನು ಗಂಟಿನ ಸಮೇತ ಕತ್ತರಿಸಿ, ಇಡಿಯಾಗಿಯೇ ಜೆಲ್‌ನಲ್ಲಿ ಹೂತೆ. ಜೆಲ್ ಬಣ್ಣ ತಿರುಗಿದ ಹಾಗೆಲ್ಲ ಬದಲಿಸಿದೆ. ನಾರು ಬೆರಳಿಗೆ ಒರಟಾಗಿ, ಗರಗರ ಅನ್ನುವಷ್ಟು ಒಣಗಿದ ಮೇಲೆ, ಸಣ್ಣ ಬ್ರಷ್‌ನಿಂದ ಒಂದೊಂದು ಗಂಟಿಗೂ ತೆಳುವಾಗಿ ರೆಸಿನ್ ಸವರಿದೆ. ಇದೊಂದು ಮುಖ್ಯ ಹಂತ, ಯಾವ ಹೂವಿಗಾದರೂ ಮಾಡಿ. ಒಳಗಿನ ಗಾಳಿ ಆ ತೆಳು ಪದರದಲ್ಲೇ ಹೊರಗೆ ಹೋಗಿ ಮುಚ್ಚಿಕೊಳ್ಳುತ್ತದೆ. ಅದು ಗಟ್ಟಿಯಾದ ಮೇಲೆ ಮೋಲ್ಡಿಗೆ. ಕೆಳಗೆ ಒಂದು ತೆಳು ಪದರ ಸುರಿದು, ಅಂಟಂಟು ಹದಕ್ಕೆ ಬಂದಾಗ ಹಾರವನ್ನು ಅದರ ಮೇಲೆ ಕೂಡಿಸಿದೆ. ಇಲ್ಲದಿದ್ದರೆ ಹೂವು ತೇಲಿ ಮೇಲೆ ಬರುತ್ತದೆ. ಮುಂದಿನ ಪದರಕ್ಕೆ ರೆಸಿನ್ ಕಲಸುವಾಗ ನಿಧಾನವಾಗಿ, ಕಪ್ಪಿನ ಬದಿ, ತಳ ಕೆರೆಯುತ್ತಾ ನಾಲ್ಕೈದು ನಿಮಿಷ ತಿರುಗಿಸಿದೆ. ಸಕ್ಕರೆ ಪಾಕದಲ್ಲಿ ಕಾಣುವ ಎಳೆಗಳ ಹಾಗೆ ಕಪ್ಪಿನೊಳಗೆ ಗೆರೆ ಕಾಣುತ್ತಿರುತ್ತವೆ. ಅವು ಪೂರ್ತಿ ಮಾಯವಾಗುವವರೆಗೆ ಸುರಿಯಬಾರದು.

ಆ ಪದರ ಸುರಿದ ರಾತ್ರಿ ಗುಡುಗು ಮಳೆಗೆ ಕರೆಂಟ್ ಹೋಯಿತು. ಯಂತ್ರ ನಿಂತಿತು. ಮನೆಯಲ್ಲಿದ್ದ ದೊಡ್ಡ ಪ್ಲಾಸ್ಟಿಕ್ ಡಬ್ಬವನ್ನು ಮೋಲ್ಡಿನ ಮೇಲೆ ಮಗುಚಿ, ಒಳಗೆ ಬಟ್ಟಲುಗಳಲ್ಲಿ ಸಿಲಿಕಾ ಜೆಲ್ ಇಟ್ಟು, ಅಂಚಿಗೆಲ್ಲ ಟೇಪ್ ಹಚ್ಚಿದೆವು. ಯಜಮಾನರು ಟಾರ್ಚ್ ಹಿಡಿದಿದ್ದರು. ಬೆಳಿಗ್ಗೆ ತೆಗೆದು ನೋಡಿದರೆ ಮೇಲ್ಮೈ ಕನ್ನಡಿ. ಯಂತ್ರ ಕೊಳ್ಳಲು ಆಗದವರು ಸಣ್ಣ ವಸ್ತುಗಳಿಗೆ ಇದನ್ನೇ ಮಾಡಬಹುದು, ಖರ್ಚು ಕಡಿಮೆ.

ಮೋಲ್ಡಿನಿಂದ ತೆಗೆಯಲು ಒಂದು ದಿನ ಸಾಕು ಅಂತ ಬಾಟಲಿಯ ಮೇಲೆ ಇರುತ್ತದೆ. ಮಳೆಗಾಲದಲ್ಲಿ ಅದಕ್ಕೆ ಎರಡರಷ್ಟು ಬಿಡಿ. ಪೂರ್ತಿ ಗಟ್ಟಿಯಾಗಲು ವಾರ ಬೇಕು. ಪಾಲಿಶ್ ಅದಾದ ಮೇಲೆ. ಗಾಡಿಗೆ ಪೇಂಟ್ ಮಾಡುವವರ ಸಾಮಾನು ಮಾರುವ ಅಂಗಡಿಗಳಲ್ಲಿ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಸಿಗುತ್ತದೆ. 400 ನಂಬರಿನಿಂದ ಶುರು ಮಾಡಿ 800, 1500, 2000, ಆಮೇಲೆ ಅವರೇ ಬಳಸುವ ರಬ್ಬಿಂಗ್ ಕಾಂಪೌಂಡ್. ನೀರು ಹಾಕಿಕೊಂಡೇ ಉಜ್ಜಿ, ಒಣ ಪುಡಿ ಎದೆಗೆ ಒಳ್ಳೆಯದಲ್ಲ.

ಆರೋಗ್ಯದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನನಗೆ ಕೈಜೋಡಿಸಲು ಪಕ್ಕದ ಮನೆ ಹುಡುಗಿ ಬರುತ್ತಿದ್ದಳು. ಕೈಗವಸು ಹಾಕಿಕೊಂಡೇ ಕೆಲಸ ಮಾಡುತ್ತಿದ್ದಳು, ಆದರೂ ಆಗಸ್ಟ್‌ನಲ್ಲಿ ಮಣಿಕಟ್ಟಿನ ಮೇಲೆ ಕೆಂಪು ಗಂದೆ ಎದ್ದವು, ಕಣ್ಣಿನ ರೆಪ್ಪೆ ಊದಿತು. ಚರ್ಮದ ಡಾಕ್ಟರ್ ಎಪಾಕ್ಸಿ ಅಲರ್ಜಿ ಅಂದರು. ಇದು ಒಮ್ಮೆ ಬಂದರೆ ಹೋಗುವುದಿಲ್ಲ, ಸ್ವಲ್ಪ ತಾಗಿದರೂ ಮತ್ತೆ ಬರುತ್ತದೆ. ಅವಳು ಈಗ ಪ್ಯಾಕಿಂಗ್ ಮತ್ತು ಲೆಕ್ಕ ಮಾತ್ರ ನೋಡುತ್ತಾಳೆ. ಗಟ್ಟಿಯಾದ ರೆಸಿನ್‌ನಿಂದ ಈ ಭಯ ಇಲ್ಲ, ಹಸಿಯದ್ದರಿಂದಲೇ. ನೈಟ್ರೈಲ್ ಕೈಗವಸು ಹಾಕಿ, ಮೊಣಕೈವರೆಗೆ ತೋಳು ಮುಚ್ಚಿ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ, ಆವಿಗೆ ಅಂತಲೇ ಇರುವ ಕಾರ್ಟ್ರಿಡ್ಜ್ ಮಾಸ್ಕ್ ಬೇಕು. ಎರಡು ಸಾವಿರ ಆದೀತು, ಮೊದಲು ಅದನ್ನೇ ಕೊಳ್ಳಿ, ಮೋಲ್ಡ್ ಆಮೇಲೆ. ಕೈಗೆ ತಾಗಿದರೆ ಥಿನ್ನರ್ ಹಚ್ಚಬೇಡಿ, ಸೋಪು ನೀರು ಸಾಕು. ಅಡುಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ.

ಬೈಲಹೊಂಗಲದ ಬ್ಲಾಕ್ ತಗೊಂಡು ಹೋಗಲು ಅಜ್ಜಿಯೇ ಬಂದಿದ್ದರು. ಗಂಟಿನ ಮೇಲೆ ಬೆರಳಿಟ್ಟು, "ಇದು ನಂದ ಗಂಟು ಐತಿ" ಅಂದರು. ಮತ್ತೆ ಮತ್ತೆ ತಿರುಗಿಸಿ ನೋಡಿದರು. ನನ್ನ ಕಣ್ಣು ತುಂಬಿ ಬಂತು. ಉಳಿದ ದುಡ್ಡು ಎಣಿಸಿ ಕೊಡುವುದು ಬಿಟ್ಟು ಅವರು ನನ್ನ ತಲೆ ಮೇಲೆ ಕೈ ಇಟ್ಟರು.

ಕಳಿಸುವುದರ ಬಗ್ಗೆ ಎರಡು ಮಾತು. ಬ್ಲಾಕ್ ಭಾರ, ಮೂಲೆ ಬೇಗ ಒಡೆಯುತ್ತದೆ. ಥರ್ಮಾಕೋಲ್ ಮೂಲೆಗಳು, ಬಬಲ್ ಶೀಟ್, ಎರಡು ರಟ್ಟಿನ ಡಬ್ಬ. ಬಬಲ್ ಶೀಟ್ ನೇರವಾಗಿ ರೆಸಿನ್‌ಗೆ ತಾಗಬಾರದು, ಬಿಸಿಗೆ ಗುಳ್ಳೆಯ ಗುರುತು ಬೀಳುತ್ತದೆ. ಒಳಗೆ ಬೆಣ್ಣೆ ಕಾಗದ ಸುತ್ತಿ. ಸಾಮಾನ್ಯ ರೆಸಿನ್ 50-60 ಡಿಗ್ರಿ ಬಿಸಿಗೆ ಮೆತ್ತಗಾಗುತ್ತದೆ. ಏಪ್ರಿಲ್‌ನಲ್ಲಿ ವಿಜಯಪುರ, ಕಲಬುರಗಿ ಕಡೆ ಹೋಗುವ ಮುಚ್ಚಿದ ಗಾಡಿಯೊಳಗೆ ಅಷ್ಟು ಬಿಸಿ ಆಗುತ್ತದೆ, ತಟ್ಟೆಗಳು ಬಾಗಿಬಿಡುತ್ತವೆ. ಬೇಸಿಗೆಯಲ್ಲಿ ರಾತ್ರಿ ಬಸ್ಸಿನ ಪಾರ್ಸೆಲ್‌ಗೇ ಹಾಕಿ. ಬಿಸಿ ಚಹಾದ ಕಪ್ ಇಡುವ ಕೋಸ್ಟರ್ ಕೇಳಿದರೆ ಗುರುತು ಬೀಳುತ್ತದೆ ಅಂತ ಹೇಳಿಯೇ ಕೊಡಿ.

ಕೊನೆಯ ತೊಡಕು ಜಿಎಸ್‌ಟಿ. ಕರ್ನಾಟಕದಲ್ಲಿ ವಸ್ತು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯ ಅಲ್ಲ. ಆನ್‌ಲೈನ್ ಮಾರಾಟ ತಾಣಗಳಲ್ಲಿ ಮಾರಲೂ, ರಾಜ್ಯದ ಒಳಗೆ ಮಾತ್ರ ಆದರೆ, 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗುವ ಒಂದು ಎನ್‌ರೋಲ್‌ಮೆಂಟ್ ನಂಬರ್ ಸಾಕು. ನಾನು ಅದನ್ನು ಮಾಡಿಸಿಕೊಂಡಿದ್ದೆ. ಆದರೆ ನಮ್ಮ ಬೆಳಗಾವಿ ಇರುವುದು ಗಡಿಯಲ್ಲಿ. ಬೆಂಗಳೂರು ಐನೂರು ಕಿಲೋಮೀಟರ್, ಕೊಲ್ಹಾಪುರ ನೂರಾ ಹತ್ತರ ಹತ್ತಿರ. ಹೆಣ್ಣು ಕೊಡುವುದು, ತರುವುದು, ಬಟ್ಟೆ ಕೊಳ್ಳುವುದು ಎಲ್ಲ ಆ ಕಡೆಯೂ ಇದೆ. ಆರ್ಡರ್‌ಗಳೂ ಅಲ್ಲಿಂದ ಬರುತ್ತವೆ. ಹೊರ ರಾಜ್ಯಕ್ಕೆ ವಸ್ತು ಕಳಿಸಬೇಕಾದರೆ 40 ಲಕ್ಷದ ರಿಯಾಯಿತಿ ಇಲ್ಲ, ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ಸಡಿಲಿಕೆ ಇದೆ, ಅದು ಸರ್ಕಾರ ಪಟ್ಟಿ ಮಾಡಿದ ವಸ್ತುಗಳಿಗೆ. ಸಣ್ಣವರು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಕಾಂಪೋಸಿಷನ್ ಪದ್ಧತಿ ಸುಲಭ ಅಂತ ಆಸೆಪಟ್ಟೆ, ಅದರಲ್ಲೂ ಹೊರ ರಾಜ್ಯಕ್ಕೆ ಮಾರುವ ಹಾಗಿಲ್ಲ ಅಂದರು ಲೆಕ್ಕ ನೋಡುವವರು. ಕೊಲ್ಹಾಪುರದ ಒಬ್ಬರು ತಂಗಿಯ ಹಾರ ಒಣಗಿಸಿ ಇಟ್ಟುಕೊಂಡು ಕೇಳಿದ್ದರು. ಜುಲೈನಲ್ಲಿ ಅವರಿಗೆ ಇಲ್ಲ ಅನ್ನಬೇಕಾಯಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ, "ಕಾಗದ ಆದ್ಮ್ಯಾಲ ಹೇಳ್ರಿ, ಕಾಯ್ತೀವಿ" ಅಂದರು.

ನಾನು ಸಾಮಾನ್ಯ ಜಿಎಸ್‌ಟಿ ನೋಂದಣಿಗೇ ಅರ್ಜಿ ಹಾಕಿದ್ದೇನೆ. ಸರ್ಕಾರಿ ಶುಲ್ಕ ಇಲ್ಲ. ಬ್ಯಾಂಕಿಗೆ ಕೊಟ್ಟ ಹೆಸ್ಕಾಂ ಬಿಲ್ಲು, ಮಾವನವರ ಒಪ್ಪಿಗೆ ಪತ್ರ ಇಲ್ಲಿಯೂ ಬೇಕಾದವು. ಮಾರಾಟ ಇಲ್ಲದ ತಿಂಗಳಲ್ಲೂ ರಿಟರ್ನ್ ಸಲ್ಲಿಸಬೇಕು, ಅದಕ್ಕೆ ಲೆಕ್ಕ ನೋಡುವವರಿಗೆ ಕೊಡುವ ದುಡ್ಡನ್ನು ಈಗ ಪ್ರತಿ ಬ್ಲಾಕ್‌ನ ಬೆಲೆಯಲ್ಲಿ ಸೇರಿಸಿದ್ದೇನೆ. ರೆಸಿನ್ ಕೊಳ್ಳುವಾಗ ಕಟ್ಟಿದ ತೆರಿಗೆ ಲೆಕ್ಕಕ್ಕೆ ವಾಪಸ್ ಸಿಗುತ್ತದೆ, ಹಾಗಾಗಿ ಪೂರ್ತಿ ಹೊರೆ ಅಲ್ಲ. ತುಳಸಿ ಲಗ್ನ ಮುಗಿದ ಕೂಡಲೇ ಮದುವೆಗಳು ಮತ್ತೆ ಶುರುವಾಗುತ್ತವೆ, ಆಗ ಹವೆಯೂ ಒಣಗಿರುತ್ತದೆ. ಅಷ್ಟರೊಳಗೆ ನಂಬರ್ ಬಂದರೆ ಮೊದಲ ಫೋನ್ ಕೊಲ್ಹಾಪುರಕ್ಕೆ.